ಅಪ್ಪನ ಚೀಟಿ

ಹೊಸ ಸೀರೆಯ ಗಂಜಿ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಕೈ ತಾನಾಗಿ ಜೇಬು ಹುಡುಕುತ್ತದೆ.

ಅಪ್ಪ ವಡಗಾವಿಯ ಕೈಮಗ್ಗದ ನೇಕಾರ. ಬೆಳಗಾವಿಯಲ್ಲಿ ಎಲ್ಲೇ ಪುಕ್ಕಟೆ ಉಪನ್ಯಾಸವಿದ್ದರೂ ಮಗ್ಗ ನಿಲ್ಲಿಸಿ, ನನ್ನನ್ನೂ ಕರೆದುಕೊಂಡು ಹೋಗಿ ಕೊನೆಯ ಸಾಲಿನಲ್ಲಿ ಕೂರುತ್ತಿದ್ದ. ಆ ಭಾನುವಾರದ ವಿಷಯ ನೇಕಾರಿಕೆ. ಅಪ್ಪ ತಾನೇ ನೇಯ್ದ ಸೀರೆಯೊಂದನ್ನು ಚೀಲದಲ್ಲಿಟ್ಟು ತಂದಿದ್ದ. ದೊಡ್ಡ ವಿದ್ವಾಂಸರು ಒಂದು ತಾಸು ಮಾತಾಡಿ, "ಈ ಊರಿನ ಕೈಮಗ್ಗ ಸತ್ತು ಎಷ್ಟೋ ಕಾಲವಾಯಿತು" ಎಂದು ಮುಗಿಸಿದರು. ಜನ ಚಪ್ಪಾಳೆ ತಟ್ಟಿದರು.

ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಡಬೇಕಿತ್ತು. ಅಪ್ಪನಿಗೆ ಬರೆಯಲು ಬರುತ್ತಿರಲಿಲ್ಲ.

"ಬರಿಯವ್ವಾ, ನಾ ಇನ್ನೂ ನೇಯಾಕತ್ತೇನ್ರಿ, ಸೀರಿ ತಂದೇನಿ, ಒಮ್ಮೆ ಮುಟ್ಟಿ ನೋಡ್ರಿ ಅಂತ ಬರಿ."

ಬರೆದು, ಕೊಡಲೆಂದು ವೇದಿಕೆಯತ್ತ ನಡೆದೆ. ಮೊದಲ ಸಾಲಿನಲ್ಲಿ ನಮ್ಮ ಟೀಚರ್ ಕುಳಿತಿದ್ದರು. ತಿರುಗಿ ನೋಡಿದೆ. ಅಪ್ಪನ ಅಂಗಿಯ ತುಂಬ ನೂಲಿನ ಎಳೆಗಳಿದ್ದವು. ಚೀಟಿಯನ್ನು ಫ್ರಾಕಿನ ಜೇಬಿಗೆ ತುರುಕಿ ಮರಳಿದೆ.

ಬಂದಿದ್ದು ಮೂರೇ ಚೀಟಿ. ಒಂದೊಂದನ್ನು ಓದುವಾಗಲೂ ಅಪ್ಪ ಸೀರೆ ಹಿಡಿದು ಅರ್ಧ ಏಳುತ್ತಿದ್ದ.

ಮನೆಗೆ ಬರುವಾಗ, "ಭಾಳ ಚೀಟಿ ಇದ್ವು ಬಿಡವ್ವಾ, ನಮ್ಮದು ಎಲ್ಲೋ ತಳಕ್ಕ ಉಳೀತು" ಎಂದ.

ಆಮೇಲೆ ಯಾವ ಭಾನುವಾರವೂ ಅವನು ಉಪನ್ಯಾಸಕ್ಕೆಂದು ಮಗ್ಗ ನಿಲ್ಲಿಸಲಿಲ್ಲ.