ನೀರು ತಾಕದ ಬೋರ್ಡು

ಮದರ್‌ಬೋರ್ಡಿನ ಮೇಲೆ ಎಲ್ಲಿ ಮುಟ್ಟಿಸಿದರೂ ಮಲ್ಟಿಮೀಟರ್ ಕೂಗುತ್ತಿತ್ತು. ಬೋರ್ಡು ಪೂರ್ತಿ ಶಾರ್ಟ್ ಆಗಿತ್ತು. ಸುಟ್ಟ ವಾಸನೆ ಸಿದ್ದೀಕಾಳ ಗಂಟಲಿಗೇ ಇಳಿದಿತ್ತು. ಸಿಂದಗಿಯ ತನ್ನ ರಿಪೇರಿ ಅಂಗಡಿಯಲ್ಲಿ ಕುಳಿತು ಅವಳು ಕೇಬಲ್ ಎತ್ತಿ ತೋರಿಸಿದಳು. “ಹೊಸ ಪವರ್ ಸಪ್ಲೈಗೆ ಹಳೇದರ ಕೇಬಲ್ ಹಾಕ್ಯಾರ್ರಿ. ತುದಿ ಕೂಡ್ತಾವ, ಆದ್ರ ಒಳಗಿನ ವೈರು ಅದಲುಬದಲು ಇರ್ತಾವ. ಐದು ವೋಲ್ಟ್ ಹೋಗೋ ಕಡೆ ಹನ್ನೆರಡು ಹೋಗೇತಿ. ಯಾರು ಹಾಕಿದ್ರಿ?”

“ನಾನಽ ಹಾಕೇನಿ,” ಎಂದ ಅನಿಲಕುಮಾರ, ಎಲೆಅಡಿಕೆ ಜಗಿಯುತ್ತ. ಆಲಮೇಲದಲ್ಲಿ ಅವನದೊಂದು ಕಂಪ್ಯೂಟರ್ ಸೆಂಟರ್ ಇತ್ತು; ಬೋರ್ಡು ಅಲ್ಲಿಯದೇ. “ಆದ್ರ ನೀವು ನೀರು ಬಿದ್ದು ಸುಟ್ಟೈತಿ ಅನ್ರಿ. ಕೆಲಸದಾಕಿ ಸುಮಂಗಲಾ ನೀರು ಚೆಲ್ಲ್ಯಾಳ ಅಂತ ಹೇಳಿ ಕೆಲಸದಿಂದ ಬಿಡಿಸಿಬಿಟ್ಟೇನಿ. ಈಗ ಅವರಪ್ಪ ಜಗಳಾ ತಗದಾನ.”

ಸಿದ್ದೀಕಾ ಬಾಯಿ ತೆರೆಯುವ ಮೊದಲೇ ಅವನು ಸುಮಂಗಲಾಳಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ. “ರಿಪೇರಿ ಮೇಡಂ ಏನಂತಾರ ಕೇಳು.”

“ಅಕ್ಕಾರ, ನಾ ನೀರಿನ ಬಾಟ್ಲಿ ಒಳಗಽ ಒಯ್ದಿಲ್ರಿ,” ಎಂದಿತು ಅತ್ತು ಒಡೆದ ದನಿ. ಅನಿಲಕುಮಾರ ಕೆಂಪು ಹಲ್ಲು ತೋರಿಸಿ ನಕ್ಕು, ಸಿದ್ದೀಕಾಳಿಗೆ ಕಣ್ಣು ಹೊಡೆದ. ಅವಳೂ ತನ್ನ ಜೊತೆಗಾತಿಯೇ ಎಂಬಂತೆ. ಸಿದ್ದೀಕಾ ಅವನ ಕೈಬೆವರು ಹತ್ತಿದ್ದ ಫೋನನ್ನು ಬಟ್ಟೆಯಿಂದ ಒರೆಸಿ ಎತ್ತಿಕೊಂಡಳು.

“ತಂಗಿ, ಈ ಬೋರ್ಡಿಗೆ ಒಂದು ಹನಿ ನೀರೂ ತಾಕಿಲ್ಲ. ಕೇಬಲ್ ತಪ್ಪು ಹಾಕಿ ಸುಟ್ಟಾರ. ಹಾಕಿದವರು ನನ್ನ ಮುಂದಽ ಕುಂತಾರ. ನಿಮ್ಮಪ್ಪಗ ಫೋನ್ ಕೊಡು, ಅವರಿಗೂ ಹೇಳ್ತೇನಿ.”

ಅನಿಲಕುಮಾರ ಜಗಿಯುವುದನ್ನು ನಿಲ್ಲಿಸಿದ.