ಮುಚ್ಚಳ ತೆಗೆದು ಮೂಸುವ ಮುತ್ತಕ್ಕ

ನವರಾತ್ರಿ ಮುಗಿದಿತ್ತು. ಒಂಬತ್ತು ದಿನ ಮೀನು ಬಿಟ್ಟವರೆಲ್ಲ ಒಟ್ಟಿಗೇ ಹಸಿದು ಬರುವ ಕಾಲ...

ಕುಂದಾಪುರದಿಂದ ಬೈಂದೂರಿಗೆ ಹೋಗುವ ಹೆದ್ದಾರಿ ಬದಿಯ ತಗಡಿನ ಶೆಡ್ಡಿನಲ್ಲಿ ಜಲಜ ಬೆಳಿಗ್ಗೆಯೇ ಮಸಾಲೆ ಅರೆಯಲು ಕೂತಿದ್ದಳು.

ಮೂರು ಬೆಂಚು, ಎರಡು ಒಲೆ, ಒಂದು ಕಾವಲಿ. ಇಷ್ಟೇ ಅವಳ ಮೀನೂಟದ ಹೋಟೆಲ್. ಗಂಡ ಸತ್ತ ಮೇಲೆ ಮನೆ ನಡೆಯುತ್ತಿದ್ದುದೂ ಇದರಿಂದಲೇ.

ಕೈ ಕೆಲಸ ಮಾಡುತ್ತಿತ್ತು... ಮನಸ್ಸು ಮಾತ್ರ ಒಂದು ಕಡೆ ನಿಲ್ಲುತ್ತಿರಲಿಲ್ಲ.

ಯಾಕೆಂದರೆ ಜಲಜಳಿಗೆ ಯಾವ ವಾಸನೆಯೂ ಗೊತ್ತಾಗುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಒಂದು ಜ್ವರ ಬಂದು ಹೋಯಿತು. ಅದರ ಜೊತೆ ಹೋದ ವಾಸನೆ ತಿರುಗಿ ಬರಲೇ ಇಲ್ಲ.

ಅವಳು ಯಾರಿಗೂ ಹೇಳಲಿಲ್ಲ. ಮೀನು ಕೆಟ್ಟಿದೆಯೋ ಇಲ್ಲವೋ ತಿಳಿಯದವಳ ಕೈಯಡುಗೆ ಯಾರು ಉಣ್ಣುತ್ತಾರೆ?

ಕಿವಿರು ಬಿಡಿಸಿ ಕೆಂಪು ನೋಡುವಳು, ಕಣ್ಣು ನೋಡುವಳು, ಬೆರಳಿನಿಂದ ಒತ್ತಿ ನೋಡುವಳು. ಆದರೂ ಗಿರಾಕಿ ಮೊದಲ ತುತ್ತು ನುಂಗುವವರೆಗೆ ಅವನ ಮುಖವನ್ನೇ ನೋಡುತ್ತಿರುವಳು...

ಇದರ ಮೇಲೆ ಮುತ್ತಕ್ಕನ ಕಾಟ ಬೇರೆ.

ಮುತ್ತಕ್ಕ ಅರವತ್ತು ದಾಟಿದ, ಮನೆಮನೆಗೆ ಮೀನು ಹೊತ್ತು ಮಾರುವ ಹೆಂಗಸು. ಒಂದೆರಡು ವರ್ಷದಿಂದ ದಿನಾ ಹನ್ನೊಂದೂವರೆಗೆ ಬಂದು, ಬುಟ್ಟಿ ಇಳಿಸಿ, ಚಾ ಕೇಳಿ, ಒಲೆಯ ಮೇಲಿನ ಪ್ರತಿ ಪಾತ್ರೆಯ ಮುಚ್ಚಳ ತೆಗೆದು ಮೂಗು ಇಡುವಳು.

"ನಿಮ್ಗೆ ಚಾ ಬೇಕಾ, ಸಾರ್ ಬೇಕಾ ಮುತ್ತಕ್ಕ?" ಜಲಜ ಸಿಡುಕುವಳು.

"ಮೂಸುಕೂ ದುಡ್ಡ್ ಕೊಡ್ಕಾ ಹೆಣ್ಣೆ?" ಮುತ್ತಕ್ಕ ನಗುವಳು.

ಒಂದು ದಿನವಂತೂ "ಮನಿಗೆ ನೆಂಟ್ರ್ ಬಂದಿರ್" ಎಂದು ಸಿಗಡಿ ಸುಕ್ಕದ ಪಾತ್ರೆಯನ್ನೇ ಎತ್ತಿಕೊಂಡು ಹೋಗಿದ್ದಳು.

ಜಲಜಳಿಗೆ ಭಯ... ಇವಳು ಹಳೆಯ ಸೇಡಿಗೇ ಬರುತ್ತಿದ್ದಾಳೆ!

ಭಯಕ್ಕೆ ಕಾರಣ ಇತ್ತು. ಐದು ವರ್ಷದ ಹಿಂದೆ, ಬೆಂಚು ತುಂಬ ಜನ ಇರುವಾಗ, ಜಲಜ ಮುತ್ತಕ್ಕನ ಬುಟ್ಟಿಯನ್ನು ರಸ್ತೆಗೆ ಮಗುಚಿದ್ದಳು. "ಕೊಳ್ತ್ ಮೀನ್ ತಂದ್ ನಮ್ಗ್ ಕೊಡ್ತಿಯಾ?" ಎಂದು ಕೂಗಿದ್ದಳು.

ನಾತ ಬರುತ್ತಿದ್ದುದು ತನ್ನದೇ ಒಲೆಯ ಹಿಂದೆ ಮರೆತಿದ್ದ ಸಿಗಡಿ ಸಿಪ್ಪೆಯ ಚೀಲದಿಂದ ಎಂದು ಅವಳಿಗೆ ಸಂಜೆ ತಿಳಿಯಿತು.

ತಿಳಿಯಿತು... ಆದರೆ ಹೇಳಲಿಲ್ಲ. ನಾಳೆ ಹೇಳುವ, ನಾಡಿದ್ದು ಹೇಳುವ ಎನ್ನುತ್ತಲೇ ಐದು ವರ್ಷ ಕಳೆಯಿತು.

ಆ ದಿನ ಹನ್ನೊಂದಕ್ಕೇ ಬೆಂಚು ತುಂಬಿತು. ಬಂದರಿನಿಂದ ರಿಕ್ಷಾದಲ್ಲಿ ಮೀನು ತರುವವನು ಅಂಜಲ್ ಮೀನನ್ನು ತುಂಡು ಮಾಡಿಯೇ ಐಸಿನಲ್ಲಿ ತಂದಿದ್ದ. ನೋಡಲು ತಲೆಯಿಲ್ಲ, ಕಿವಿರಿಲ್ಲ, ಕಣ್ಣಿಲ್ಲ...

ಜಲಜ ಒಂದು ಕ್ಷಣ ಅನುಮಾನಿಸಿದಳು. ಹೊರಗೆ ಇನ್ನೂ ಎರಡು ಕಾರು ನಿಂತವು. ತುಂಡುಗಳನ್ನು ಕುದಿಯುವ ಮಸಾಲೆಗೆ ಹಾಕಿಬಿಟ್ಟಳು.

ಇನ್ನೇನು ಬಡಿಸಬೇಕು, ಮುತ್ತಕ್ಕ ಬಂದಳು. ಮುಚ್ಚಳ ತೆಗೆದಳು. ನಗು ನಿಂತಿತು.

ಬೆಂಚಿನ ಕಡೆ ಒಮ್ಮೆ ನೋಡಿದಳು. ಜಲಜಳನ್ನು ಒಮ್ಮೆ ನೋಡಿದಳು.

ಮರುಕ್ಷಣ ಪಾತ್ರೆ ಮಗುಚಿ ಬಿತ್ತು! ಸಾರೆಲ್ಲ ಮರಳಿನ ಮೇಲೆ...

"ಅಯ್ಯೋ, ಕೈ ಜಾರಿತ್ ಮಾರಾಯ್ತಿ!"

"ಜಾರಿದ್ದಾ? ಬೇಕಂತ ಚೆಲ್ಲಿದ್ದ್! ಐದ್ ವರ್ಷ ಇದಕ್ಕೇ ಕಾದ್ಯಾ ನೀನ್?" ಜಲಜ ಕಿರುಚಿದಳು. "ನನ್ನ ಅನ್ನಕ್ಕೆ ಮಣ್ಣ್ ಹಾಕ್ದೆ!"

ಉಣ್ಣಲು ಕೂತವರೆಲ್ಲ ನೋಡುತ್ತಿದ್ದರು. ಮುತ್ತಕ್ಕ ಬುಟ್ಟಿಯಿಂದ ಬಂಗುಡೆ ತೆಗೆದು, ಮೀನು ತೊಳೆಯುವ ಕಲ್ಲಿನ ಮುಂದೆ ಕೂತು, ಒಂದೊಂದೇ ಸೀಳಿ ತೊಳೆಯತೊಡಗಿದಳು.

"ಬೈದ್ ಆಯ್ತಾ? ಮಸಾಲಿ ಹಚ್ಚ್. ಜನ ಹಸ್ದ್ ಕೂತಿರ್."

ಬೇರೆ ದಾರಿ ಇರಲಿಲ್ಲ. ಹಲ್ಲು ಕಚ್ಚಿ ಜಲಜ ಬಂಗುಡೆ ಹುರಿದಳು, ಬಡಿಸಿದಳು.

ಆಮೇಲೆ ಕಾವಲಿಗೆ ಇನ್ನೊಂದಿಷ್ಟು ಬಂಗುಡೆ ಹಾಕಿ, ಚೆಲ್ಲಿದ್ದನ್ನು ಬಳಿಯಲು ಬಂದಾಗ ಕಂಡಳು... ಮೀನಿನ ಮುಳ್ಳಿಗೂ ಜಗಳಾಡುವ ಶೆಡ್ಡಿನ ಬೆಕ್ಕು ಅಂಜಲ್ ತುಂಡನ್ನು ಮೂಸಿ, ತಲೆ ಕೊಡವಿ, ಹಿಂದೆ ಸರಿಯಿತು.

ಪೊರಕೆ ಕೈಯಲ್ಲೇ ಉಳಿಯಿತು. ನೆಂಟರ ನೆಪ ಹೇಳಿ ಎತ್ತಿಕೊಂಡು ಹೋದ ಸಿಗಡಿ ಸುಕ್ಕವೂ ನೆನಪಾಯಿತು.

"ಮುತ್ತಕ್ಕ... ನಿಮ್ಗ್ ಗೊತ್ತಿತ್ತಾ?"

"ಎರಡ್ ವರ್ಷ ಆಯ್ತ್. ನಿಂಗ್ ಜ್ವರ ಬಿಟ್ಟ ವಾರ, ಬೇಲಿ ಬದಿ ಹೆಗ್ಗಣ ಸತ್ತ್ ನಾತ ಹೊಡಿತಾ ಇತ್ತ್. ನೀ ಅಲ್ಲೇ ಕೂಕಂಡ್ ಆರಾಮಾಗ್ ಉಣ್ತಾ ಇದ್ದೆ."

"ಮತ್ತೆ ಯಾರಿಗೂ ಎಂತಕ್ಕ್ ಹೇಳ್ಲಿಲ್ಲ?"

ಮುತ್ತಕ್ಕ ಕತ್ತಿ ತೊಳೆಯುತ್ತ ತಗ್ಗಿದ ದನಿಯಲ್ಲಿ ಹೇಳಿದಳು:

"ಕೊಳ್ತ್ ಮೀನ್ ಅಂದೇಳಿ ಒಂದ್ ಸಲ ಹೆಸ್ರ್ ಬಂದ್ರೆ ಎಂತ ಆತ್ತ್, ನಂಗ್ ಗೊತ್ತಿತ್ ಹೆಣ್ಣೆ. ಆ ವರ್ಷ ಮೂರ್ ಊರಗೆ ಯಾರೂ ನನ್ನ ಬುಟ್ಟಿ ಇಳ್ಸ್‌ಲಿಲ್ಲ."

ಜಲಜಳ ಕಣ್ಣು ತುಂಬಿತು. ಅಲ್ಲೇ ಕಾಲು ಹಿಡಿದು ಮುಗಿಸಬಹುದಿತ್ತು...

ಆದರೆ ಅವಮಾನ ಮಾಡಿದ್ದು ಎಲ್ಲರೆದುರು.

ಅವಳು ಪೊರಕೆ ಬದಿಗಿಟ್ಟು ಬೆಂಚುಗಳ ಎದುರು ಬಂದು ನಿಂತಳು.

"ಎಲ್ಲರೂ ಒಂಚೂರ್ ಕೇಣಿ. ಐದ್ ವರ್ಷದ ಹಿಂದೆ ನಾನ್ ಈ ಮುತ್ತಕ್ಕನ ಮೀನ್ ರಸ್ತೆಗೆ ಚೆಲ್ಲಿದ್ದೆ. ಮೀನ್ ಒಳ್ಳೆದೇ ಇದ್ದಿತ್. ನಾತ ನನ್ ಶೆಡ್ಡಿಂದ್. ತಪ್ಪಾಯ್ತ್ ಮುತ್ತಕ್ಕ..."

ಉಸಿರು ತೆಗೆದುಕೊಂಡಳು.

"ಇನ್ನೊಂದ್. ಎರಡ್ ವರ್ಷದಿಂದ ನಂಗ್ ವಾಸ್ನಿ ಗೊತ್ತಾತಿಲ್ಲ. ಈಗ ಚೆಲ್ಲಿದ ಸಾರ್ ಕೆಟ್ಟಿತ್ತ್. ನಿಮ್ಮನ್ನೂ ನನ್ನನ್ನೂ ಉಳ್ಸಿದ್ ಇವ್ರ್."

ಇಬ್ಬರು ಊಟ ಅರ್ಧಕ್ಕೇ ಬಿಟ್ಟು ಎದ್ದು ಹೋದರು. ಜಲಜ ತಲೆ ತಗ್ಗಿಸಿ ನಿಂತಳು.

ಆಗ ಮೂಲೆಯ ಬೆಂಚಿನಿಂದ ಲಾರಿ ಡ್ರೈವರ್ ಒಬ್ಬ ತಟ್ಟೆ ಮುಂದೆ ಚಾಚಿದ.

"ಈ ಬಂಗುಡೆ ಮುತ್ತಕ್ಕನದ್ದೇ ಅಲ್ದಾ? ಹಾಂಗಾರೆ ಇನ್ನೆರಡ್ ಹಾಕಿ."

ಯಾರೋ ನಕ್ಕರು. ಇನ್ನೊಂದು ತಟ್ಟೆ ಮುಂದೆ ಬಂತು.

ಮುತ್ತಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಗದರಿದಳು: "ಮಾತ್ ಸಾಕ್ ಹೆಣ್ಣೆ, ಕಾವಲಿ ಕಾಣ್! ಬಂಗುಡೆ ಹೊತ್ತಿ ಹೋತಾ ಇತ್ತ್!"

ಜಲಜ ಓಡಿದಳು.

ನಮ್ಮ ಕೊರತೆಯನ್ನು ಕಂಡೂ ಊರಿಗೆಲ್ಲ ಸಾರದೆ, ಪಕ್ಕದಲ್ಲಿ ಬಂದು ಕೂರುವವರೇ ನಮ್ಮವರು.

ಎಲ್ಲರೆದುರು ನೋಯಿಸಿ, "ತಪ್ಪಾಯ್ತು" ಎಂಬ ಒಂದು ಮಾತನ್ನು ನೀವೂ ಯಾರಿಗಾದರೂ ಇನ್ನೂ ಬಾಕಿ ಉಳಿಸಿಕೊಂಡಿದ್ದೀರಾ?