ನೂರಾ ಒಂದು ಯಾರಿಗೆ?

“ನೂರಾ ಒಂದು ನನಗೇ ಬರಬೇಕು. ನಾನು ದೊಡ್ಡವನು,” ಎಂದರು ಹರಿದಾಸರು.

ಕಟ್ಟಡಕ್ಕೆ ಇಂಟರ್ನೆಟ್ ಫೋನ್ ಹಾಕಲು ಬಂದಿದ್ದ ಅಭಿಲಾಷ್ ಲ್ಯಾಪ್‌ಟಾಪಿನಿಂದ ತಲೆ ಎತ್ತಿದ. ಹತ್ತು ನಿಮಿಷದ ಹಿಂದೆ ಮೊದಲ ಮಹಡಿಯಲ್ಲಿ ಅವರ ತಮ್ಮ ಸತ್ಯಾತ್ಮರೂ ಇದೇ ನಂಬರು ಕೇಳಿದ್ದರು. ಕಂಪನಿ ರಿಜಿಸ್ಟರ್ ಆಗಿರುವುದು ತಮ್ಮ ಹೆಸರಿನಲ್ಲಿ ಎಂಬುದು ಅವರ ಕಾರಣ.

“ಹೊರಗಡೆ ಅದು ಫೈರ್ ಎಂಜಿನ್ ನಂಬರ್ ಸಾರ್. ನೂರಾ ಎರಡು ತಗೊಳ್ಳಿ.”

“ಅದು ಆಂಬುಲೆನ್ಸಪ್ಪಾ. ನನಗೆ ವೇಂಡಾ, ಬೇಡ.”

ವಡಪಳನಿಯ ಆ ಕಟ್ಟಡದಿಂದ ಸಿನಿಮಾ ಶೂಟಿಂಗಿಗೆ ಕುರ್ಚಿ ಮಂಚ ಬಾಡಿಗೆಗೆ ಹೋಗುತ್ತಿದ್ದವು. ನೆಲಮಹಡಿಯಲ್ಲಿ ಅಣ್ಣ, ಪೌರಾಣಿಕಗಳಿಗೆ ಬೇಕಾದ ಸಿಂಹಾಸನಗಳ ನಡುವೆ. ಮೊದಲ ಮಹಡಿಯಲ್ಲಿ ತಮ್ಮ, ಸಾಮಾಜಿಕಗಳಿಗೆ ಬೇಕಾದ ಸೋಫಾಗಳ ನಡುವೆ. ಅವರು ಮಾತು ಬಿಟ್ಟು ಎರಡು ವರ್ಷವಾಗಿತ್ತು. ಎರಡನೇ ಮಹಡಿಯ ಮನೆಯಲ್ಲಿ ತಾಯಿ ಜಾನಕಮ್ಮ. ಮಂಡಿ ನೋವಿನಿಂದ ಅವರು ಮೆಟ್ಟಿಲು ಇಳಿಯುವಂತಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಹನ್ನೆರಡೂವರೆಗೆ ಒಬ್ಬ ಮಗ, ಒಂದೂವರೆಗೆ ಇನ್ನೊಬ್ಬ ಮೇಲೆ ಬರುತ್ತಿದ್ದರು. ಇಂಟರ್ನೆಟ್ ಫೋನ್ ಹಾಕಿಸಲೇಬೇಕೆಂದು ಹಠ ಹಿಡಿದವರು ಜಾನಕಮ್ಮನೇ. ಮಕ್ಕಳಿಗೆ ಅವರು ಹೇಳಿದ ನೆಪ, ಕೊಯಮತ್ತೂರಿನ ಗೋಡೌನಿಗೆ ಮಾತಾಡುವ ಖರ್ಚು ಉಳಿಯುತ್ತದೆ ಎಂದು. ಒಳಗಿನ ಆಸೆ ಮಾತ್ರ ಒಂದೇ: ಮುಖ ಕೊಟ್ಟು ಮಾತಾಡದವರು ಫೋನಿನಲ್ಲಾದರೂ ಮಾತಾಡಲಿ.

ಯಾರು ಯಾವ ನಂಬರು ಒತ್ತಿದರೆ ಯಾರ ಮೇಜಿನ ಮೇಲೆ ಗಂಟೆ ಬಾರಿಸಬೇಕು ಎಂಬ ಪಟ್ಟಿಗೆ ಡಯಲ್ ಪ್ಲಾನ್ ಎಂದು ಹೆಸರು. ಅದಕ್ಕೆ ಇಬ್ಬರ ಸಹಿಯೂ ಬೀಳದೆ ಅಭಿಲಾಷ್ ಪೋರೂರಿನ ತನ್ನ ಆಫೀಸಿಗೆ ಹಿಂದಿರುಗುವ ಹಾಗಿರಲಿಲ್ಲ. ಮೂರು ದಿನ ಹತ್ತಿ ಇಳಿದು ಅವನ ಮಂಡಿಯೂ ತಕರಾರು ತೆಗೆದಿತ್ತು. ಕೊನೆಗೆ ಒಂದೇ ಯಂತ್ರದಲ್ಲಿ ಎರಡು ಪಟ್ಟಿ ಬರೆದ. ಕೆಳಗಿನವರು ನೂರಾ ಒಂದು ಒತ್ತಿದರೆ ಅಣ್ಣನಿಗೆ, ಮೇಲಿನವರು ಒತ್ತಿದರೆ ತಮ್ಮನಿಗೆ. ಯಂತ್ರ ತುಟಿ ಪಿಟಕ್ಕೆನ್ನದೆ ಒಪ್ಪಿಕೊಂಡಿತು. ತಮ್ಮನಿಗೆ ಯಾವ ನಂಬರೆಂದು ಅಣ್ಣ ಕೇಳಲಿಲ್ಲ, ಅಣ್ಣನಿಗೆ ಯಾವುದೆಂದು ತಮ್ಮನೂ ಕೇಳಲಿಲ್ಲ. ಇಬ್ಬರೂ ಖುಷಿಯಿಂದ ಸಹಿ ಹಾಕಿ ಬೇರೆ ಬೇರೆ ಕಾಫಿ ತರಿಸಿದರು. ಅಭಿಲಾಷ್ ಎರಡನ್ನೂ ಕುಡಿದ.

ಇನ್ನು ಉಳಿದದ್ದು ಜಾನಕಮ್ಮನ ಫೋನು.

“ಅಮ್ಮನ ಫೋನ್ ಯಾರ ಕಡೆ ಸೇರಿಸ್ಲಿ ಸಾರ್?”

“ಅವನ ಕಡೆ,” ಎಂದರು ಹರಿದಾಸರು, ಒಂದು ಕ್ಷಣವೂ ಯೋಚಿಸದೆ. “ಅಮ್ಮ ಬಾಯಿ ತೆರೆದ್ರೆ ಅವನ ಪೇಚ್ಚು, ಅವನ ಮಾತು ಒಂದೇ. ಅವನೇ ಕೇಳಿಸ್ಕೊಳ್ಳಲಿ.”

ಮೊದಲ ಮಹಡಿಯಲ್ಲಿ ಸತ್ಯಾತ್ಮರು ಕೈಯೆತ್ತಿ ಮುಗಿದರು. “ಅಣ್ಣನ ಕಡೆಗೇ ಹಾಕಿಬಿಡಿ ಸ್ವಾಮಿ. ಊಟಕ್ಕೆ ಕೂತ್ರೆ ದಿನಾ ಅವನ ಕಥೆನೇ. ಪೋದುಂ, ಸಾಕು.”

ಒಂದು ನಂಬರಿಗೆ ಮೂರು ದಿನ ಕಾದಾಡಿದವರು ತಾಯಿಯನ್ನು ಇಷ್ಟು ಸಲೀಸಾಗಿ ಬಿಟ್ಟುಕೊಟ್ಟದ್ದು ಕಂಡು ಅಭಿಲಾಷನಿಗೆ ಸಂಕಟವಾಯಿತು. ಫೋನನ್ನು ಹೊತ್ತುಕೊಂಡು ಎರಡನೇ ಮಹಡಿ ಹತ್ತಿದ.

ಜಾನಕಮ್ಮ ಅದಕ್ಕಾಗಿ ಒಂದು ಸ್ಟೂಲನ್ನು ಒರೆಸಿ ಕಸೂತಿ ಬಟ್ಟೆ ಹಾಸಿಟ್ಟಿದ್ದರು. ಫೋನಿಗೆ ಕುಂಕುಮವಿಟ್ಟು ಕೇಳಿದರು: “ಈಗ ಹರಿ ನೂರಾ ಒಂದು ಒತ್ತಿದ್ರೆ ಸತ್ಯನಿಗೆ ಹೋಗತ್ತಾಪ್ಪಾ?”

“ಇಲ್ಲಮ್ಮಾ. ಅದು ಹರಿದಾಸ್ ಸಾರ್‌ದೇ ನಂಬರು. ತನ್ನ ನಂಬರ್ ತಾನೇ ಒತ್ತಿದ್ರೆ ಎಂಗೇಜ್ ಅಂತ ಬರತ್ತೆ.”

“ಸತ್ಯ ಒತ್ತಿದ್ರೆ?”

“ಅವರ್ದೂ ಹಂಗೇ. ಅವರಿಗೂ ನೂರಾ ಒಂದೇ ಕೊಟ್ಟಿದೀನಿ.”

ಜಾನಕಮ್ಮ ಕುಂಕುಮದ ಭರಣಿಗೆ ಮುಚ್ಚಳ ಹಾಕಿದರು. ತನ್ನ ಜಾಣತನದಿಂದ ಅಣ್ಣ ತಮ್ಮ ಒಬ್ಬರಿಗೊಬ್ಬರು ಫೋನು ಮಾಡುವ ದಾರಿಯೇ ಮುಚ್ಚಿಹೋಯಿತೆಂದು ಅಭಿಲಾಷನಿಗೆ ಆಗ ಹೊಳೆಯಿತು. ನಾಚಿಕೆಯಾಗಿ ವೈರು ಸುತ್ತುತ್ತ ಕುಳಿತ.

“ಸೆರಿ. ನನ್ನನ್ನ ಯಾರ ಕಡೆ ಹಾಕಿದ್ದೀ?”

“ಇಬ್ಬರನ್ನೂ ಕೇಳ್ದೆ ಅಮ್ಮಾ...”

“ಇಬ್ಬರೂ ಅವನ ಕಡೆ ಹಾಕು ಅಂದ್ರಾ?”

ಅವನು ಸುಳ್ಳು ಹೇಳಲಾರದೆ ತಲೆಯಾಡಿಸಿದ. “ಬೇಕಾದ್ರೆ ನೀವು ಒತ್ತಿದಾಗ ಇಬ್ಬರ ಹತ್ರಾನೂ ಒಟ್ಟಿಗೆ ಬಾರಿಸೋ ಹಾಗೆ ಮಾಡ್ತೀನಿ. ಯಾರಾದ್ರೂ ಒಬ್ಬರು ಎತ್ತೇ ಎತ್ತುತ್ತಾರೆ.”

“ಎತ್ತಲ್ಲ. ಅವನು ಎತ್ತಲಿ ಅಂತ ಇವನು, ಇವನು ಎತ್ತಲಿ ಅಂತ ಅವನು. ಹೆತ್ತವಳಿಗೆ ಗೊತ್ತಿಲ್ಲವೇ?” ಜಾನಕಮ್ಮ ಕಸೂತಿ ಬಟ್ಟೆಯ ಸುಕ್ಕು ತೀಡಿದರು. “ಒಂದು ಕೆಲಸ ಮಾಡು. ನನಗೂ ನೂರಾ ಒಂದೇ ಕೊಡು.”

“ನಿಮಗೂನಾ? ಆಗ ನೀವು ಒತ್ತಿದ್ರೂ ಎಂಗೇಜೇ ಬರೋದು ಅಮ್ಮಾ.”

“ಬರಲಿ,” ಎಂದರು ಜಾನಕಮ್ಮ. “ಅಣ್ಣ ತಮ್ಮ ಮಾತಾಡ್ತಾ ಇದಾರೆ ಅಂದ್ಕೋತೀನಿ.”